ಸೋಮವಾರಕ್ಕೆ ಇಟ್ಟ ಮಾತು

ಕೊತ್ತಂಬರಿ ಬೀಜ ಹುರಿಯುವ ವಾಸನೆ ಬಂದರೆ ನಾನು ಕಿಟಕಿ ಮುಚ್ಚಿಕೊಳ್ಳುತ್ತೇನೆ. ಮಸಿನಗುಡಿಯಲ್ಲಿ ನಮ್ಮ ಪಕ್ಕದ ಮನೆಯವಳಿಗೆ ಮೊದಮೊದಲು ಇದರಿಂದ ಬೇಸರವಾಗಿತ್ತು. ಈಗ ಒಲೆ ಹಚ್ಚುವ ಮೊದಲೇ ಬೇಲಿಯ ಆಚೆಯಿಂದ ಕೂಗಿ ಹೇಳುತ್ತಾಳೆ, "ಅಕ್ಕಾ, ಹುರಿಯೋದಕ್ಕೆ ಇಡ್ತಾ ಇದೀನಿ, ಕಿಟಕಿ ಹಾಕ್ಕೊಂಬಿಡಿ." ಹಾಕಿಕೊಂಡರೂ ಅದು ಬಾಗಿಲ ಸಂದಿನಿಂದ ನುಸುಳುತ್ತದೆ. ಮೊದಲು ಹಸಿ ಮರದಂಥ ವಾಸನೆ, ಆಮೇಲೆ ಬೆಚ್ಚಗಿನ ಕಿತ್ತಳೆ ಸಿಪ್ಪೆಯಂಥದು, ಕೊನೆಗೆ, ಇನ್ನೇನು ಸೀಯಬೇಕು ಅನ್ನುವಾಗ, ಗಂಟಲು ಹಿಡಿಯುವ ಒಂದು ಕಹಿ. ಆ ಕಹಿ ಬರುವ ಮೊದಲು ಬಾಣಲೆ ಇಳಿಸಬೇಕು. ಇದನ್ನು ನನಗೆ ಕಲಿಸಿದವಳು ನನ್ನ ದೊಡ್ಡವ್ವೆ, ಅಪ್ಪನ ಅಣ್ಣನ ಹೆಂಡತಿ. ಅವಳು ಸತ್ತು ವರ್ಷಗಳಾದವು. ಅವಳ ಮೇಲಿನ ನನ್ನ ಸಿಟ್ಟು ಇನ್ನೂ ಇದೆ, ಅದನ್ನು ಬಚ್ಚಿಟ್ಟು ಬರೆಯುವ ಮನಸ್ಸಿಲ್ಲ. ನಿಮ್ಮ ಮನೆಯಲ್ಲೂ ಎಲ್ಲರೂ ಹೊಗಳಿದ, ನೀವೊಬ್ಬರೇ ಕ್ಷಮಿಸದ ಯಾರಾದರೂ ಇದ್ದರೆ, ನಾನು ಯಾಕೆ ಹೀಗೆ ಬರೆಯುತ್ತಿದ್ದೇನೆ ಎಂದು ನಿಮಗೆ ವಿವರಿಸಬೇಕಾಗಿಲ್ಲ.

ನಮ್ಮ ಮನೆಯ ಮಾತು ಬಡಗ. ಕನ್ನಡ ಓದು ಬರಹ ನಾನು ಕಲಿತದ್ದು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬರುವ ಪೇಪರನ್ನು ಗಂಡನ ಜೊತೆ ಕೂತು ಓದಿ ಓದಿ. ಹಾಗಾಗಿ ಅವರೆಲ್ಲ ಆಡಿದ ಮಾತು ಇಲ್ಲಿ ಸ್ವಲ್ಪ ಬೇರೆ ಬಟ್ಟೆ ಹಾಕಿಕೊಂಡಿದೆ. ಆಡಿದ್ದು ಮಾತ್ರ ಅದೇ.

ನಾನು ಬೆಳೆದ ಆ ಮನೆಯಲ್ಲಿ ಎಲ್ಲವೂ ಎಂದಿನಂತೆ ಇದ್ದ ಕೊನೆಯ ದಿನ ಒಂದು ಬುಧವಾರ. ಮಳೆ ಬಿಟ್ಟು ಬಿಸಿಲು ಬಂದಿದ್ದ ವಾರ. ಲವ್‌ಡೇಲ್ ಸ್ಟೇಷನ್ನಿನಿಂದ ಕೆಳಗಿಳಿದರೆ ಸಿಗುವ ಹಟ್ಟಿ ನಮ್ಮದು. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು, ಎಲ್ಲದಕ್ಕೂ ಸೇರಿ ಒಂದೇ ಉದ್ದನೆಯ ಅಂಗಳ, ಅಂಗಳದ ಅಂಚಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಟೀ ಗಿಡಗಳು. ಬೆಳಗಿನ ರೈಲು ಮೇಲೆ ಕೂಗುವ ಹೊತ್ತಿಗೆ ದೊಡ್ಡವ್ವೆ ಒಳಮನೆಯ ಒಲೆಗಳನ್ನೆಲ್ಲ ಹಚ್ಚಿ ಆಗಿತ್ತು. ಬಾಗಿಲ ಬಳಿ ಬಿಸಿಲಿನ ಚೌಕದಲ್ಲಿ ಹೆತ್ತೆ, ಅಂದರೆ ನನ್ನ ಅಜ್ಜಿ, ಬಿಳಿ ಮುಂಡು ಮೊಣಕಾಲಿನವರೆಗೆ ಎಳೆದುಕೊಂಡು ಮೊರದಲ್ಲಿ ಕೊತ್ತಂಬರಿ ಬೀಜದ ಕಲ್ಲು ಆರಿಸುತ್ತಿದ್ದಳು. ಒಂದು ಒಲೆಯ ಮುಂದೆ ದೊಡ್ಡವ್ವೆ, ಇನ್ನೊಂದರ ಮುಂದೆ ನನ್ನ ಅವ್ವೆ, ಮೆಣಸಿನ ಘಾಟಿಗೆಂದು ತಲೆಗೆ ಬಿಳಿಯ ಬಟ್ಟೆ ಬಿಗಿದುಕೊಂಡು. ನೀಲಗಿರಿ ಮರದ ಸೌದೆ ಎಣ್ಣೆ ಬಿಟ್ಟು ಚಟಚಟ ಅನ್ನುತ್ತಿತ್ತು. ಅವ್ವೆಯ ಕೆನ್ನೆ ಕೆಂಪಾಗಿ, ಮೂಗುತಿಯ ಪಕ್ಕದಲ್ಲಿ ಒಂದು ಬೆವರ ಹನಿ ನಿಂತು, ಬೀಳದೆ ಹಾಗೇ ಇತ್ತು. ಶಾಲೆಗೆ ರಜವಿತ್ತು, ನಾನು ಹೊಸಿಲ ಮೇಲೆ ಕೂತು ಅವರೆ ಸುಲಿಯುತ್ತ ಆ ಹನಿ ಯಾವಾಗ ಬೀಳುತ್ತದೆ ಎಂದು ಕಾಯುತ್ತಿದ್ದೆ. ಆಗ ನಾನು ಎಷ್ಟು ಸುಖವಾಗಿದ್ದೆ ಅಂದರೆ, ಕಾಯುವುದಕ್ಕೆ ಅದಕ್ಕಿಂತ ದೊಡ್ಡದು ಏನೂ ಇರಲಿಲ್ಲ.

ಬುಧವಾರ ನಮ್ಮ ಮನೆಯಲ್ಲಿ ಬೆಂಕಿಯ ದಿನ. ಇದು ದೊಡ್ಡವ್ವೆ ಮಾಡಿದ ಕಟ್ಟಳೆ. ಕೆಲಸಗಳನ್ನು ಅವಳು, ಅವು ಕೇಳುವ ವಸ್ತುವಿನ ಪ್ರಕಾರ ಬೇರೆ ಬೇರೆ ಮಾಡಿದ್ದಳು. ಬೆಂಕಿ ಕೇಳುವುದೆಲ್ಲ ಬುಧವಾರ: ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಕಾಫಿಬೀಜ, ರಾಗಿ ಹುರಿಯುವುದು, ಬೆಣ್ಣೆ ಕಾಯಿಸುವುದು, ಕಡೆಯಲ್ಲಿ ಉಳಿದ ಕೆಂಡದ ಮೇಲೆ ಮಕ್ಕಳ ತಲೆಸ್ನಾನದ ನೀರು. ನೀರು ಕೇಳುವುದೆಲ್ಲ ಶನಿವಾರ. ಕಂಬಳಿಯಿಂದ ಹಿಡಿದು ದನದ ಹಗ್ಗದವರೆಗೆ ಅವತ್ತು ಎಲ್ಲವೂ ಒದ್ದೆ. ಕತ್ತಿ ಹಿಡಿಯುವ ಕೆಲಸಕ್ಕೆ ಒಂದು ದಿನ, ಎಲೆ ಕೀಳುವುದಕ್ಕೆ ಬೇರೆ. ಊಟಿಗೆ ಹೋಗುವ ಕೆಲಸ ಏನಿದ್ದರೂ ಸಂತೆಯ ಮಂಗಳವಾರ. ಉಪ್ಪು ಮುಗಿದರೂ ಸರಿ, ಚಪ್ಪಲಿ ಹರಿದರೂ ಸರಿ. "ಒಂದು ಕೆಲಸಕ್ಕೆ ಕೈ ಕಾದ ಮೇಲೆ ಅಂಥವೇ ಎಲ್ಲ ಮುಗಿಸಬೇಕು. ನಡುವೆ ಬೇರೆಯದಕ್ಕೆ ಹಾರಿದರೆ ಕೈಯೂ ಆರುತ್ತೆ, ಬುದ್ಧಿಯೂ ಆರುತ್ತೆ," ಅನ್ನುತ್ತಿದ್ದಳು. ಸುಳ್ಳು ಹೇಳುವುದಿಲ್ಲ, ಅವಳ ಮನೆ ನಡೆಯುತ್ತಿತ್ತು. ಬೇರೆ ಮನೆಯ ಹೆಂಗಸರು ಕತ್ತಲಾದರೂ ಅಂಗಳದಲ್ಲಿ ಓಡಾಡುತ್ತಿದ್ದಾಗ ನಮ್ಮವರು ಕಾಲು ಚಾಚಿ ಕೂತಿರುತ್ತಿದ್ದರು. ಮಗಳನ್ನು ಮದುವೆ ಮಾಡಿ ಕೊಟ್ಟವರು "ಹೋಗಿ ಆ ಮನೆಯಲ್ಲಿ ಒಂದು ವಾರ ಇದ್ದು ನೋಡಿಕೊಂಡು ಬಾ" ಎಂದು ಆ ಹುಡುಗಿಯರನ್ನು ನಮ್ಮಲ್ಲಿಗೆ ಕಳಿಸಿದ್ದೂ ಉಂಟು. ದೊಡ್ಡವ್ವೆ ಅವರಿಗೆ ಎಲ್ಲ ತೋರಿಸುತ್ತಿದ್ದಳು, ಸೊಂಟದ ಮೇಲೆ ಕೈಯಿಟ್ಟು, ಮೂಗು ಮೇಲೆತ್ತಿ. ಆ ಮೂಗನ್ನು ನಾನು ಈಗಲೂ ನೋಡಬಲ್ಲೆ.

ನನ್ನ ಅವ್ವೆಯ ಕೈ ಮಾತ್ರ ಈ ಕಟ್ಟಳೆಗೆ ಒಗ್ಗಲಿಲ್ಲ. ಅವಳು ಪಂದಲೂರು ಕಡೆಯಿಂದ ಬಂದವಳು. ಅವಳ ಅಪ್ಪ ಅಲ್ಲಿಯ ಎಸ್ಟೇಟೊಂದರಲ್ಲಿ ಗುಮಾಸ್ತನಾಗಿದ್ದ. ನೆರೆಮನೆಯವರಿಂದ ಕಲಿತ ಮಲಯಾಳದ ಹಾಡುಗಳು ಅವಳ ಬಾಯಲ್ಲಿದ್ದವು, ಅರ್ಧರ್ಧ. ಕೆಲಸವನ್ನೂ ಹಾಗೆಯೇ ಮಾಡುತ್ತಿದ್ದಳು. ಹಾಲು ಉಕ್ಕುವ ತನಕ ನನ್ನ ಜಡೆ ಹೆಣೆಯುತ್ತಿದ್ದಳು, ಜಡೆಯ ನಡುವೆ ಎದ್ದು ಕರುವಿಗೆ ಹುಲ್ಲು ಹಾಕಿ ಬರುತ್ತಿದ್ದಳು, ಬರುವಾಗ ದಾರಿಯಲ್ಲಿ ಸಿಕ್ಕ ಸೊಪ್ಪು ಮಡಿಲಲ್ಲಿ ಇರುತ್ತಿತ್ತು. ಜಡೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಒಲೆಯ ಮುಂದೆ ಕೂತಾಗಲೂ ಸೊಂಟದಲ್ಲಿ ಉಲ್ಲನ್ನಿನ ಉಂಡೆ ಸಿಕ್ಕಿಸಿಕೊಂಡಿರುತ್ತಿದ್ದಳು. "ನೋಡಿ, ಸೌಟಿನಲ್ಲೇ ಸ್ವೆಟರ್ ಹೆಣೀತಾಳೆ ನಮ್ಮ ಪಂದಲೂರು ರಾಣಿ" ಎಂದು ದೊಡ್ಡವ್ವೆ ಅಂದರೆ ಎಲ್ಲರೂ ನಗುತ್ತಿದ್ದರು. ಅವ್ವೆಯೂ ನಗುತ್ತಿದ್ದಳು. "ತೋಳು ಮುಗಿದಿದೆ ಅಕ್ಕಾ, ಕುತ್ತಿಗೆಗೆ ಚಟ್ನಿ ಹಾಕಿದರೆ ಆಯ್ತು," ಎಂದು ಒಮ್ಮೆ ಅಂದದ್ದು ನೆನಪಿದೆ. ಆದರೆ ಎಲ್ಲ ನಗುವೂ ಹಾಗೆ ಮುಗಿಯುತ್ತಿರಲಿಲ್ಲ. ಒಂದು ಶನಿವಾರ, ಎಲ್ಲರೂ ಕಂಬಳಿ ತುಳಿಯುತ್ತಿದ್ದಾಗ, ಹಸುವಿನ ಕೆಚ್ಚಲು ಬಾತಿದೆ ಎಂದು ಹೇಳಲು ಅವ್ವೆ ಓಡಿ ಬಂದಳು. "ಕಂಬಳಿ ಬಿಟ್ಟು ಕೊಟ್ಟಿಗೆಗೆ ಹೋಗಿದ್ದು ಯಾಕೆ? ಅದು ಇವತ್ತಿನ ಕೆಲಸವಾ?" ಎಂದು ದೊಡ್ಡವ್ವೆ ಅಂಗಳದ ನಡುವೆ, ಹತ್ತು ಜನರ ಮುಂದೆ ಕೇಳಿದಳು. ಅವ್ವೆಯ ಕಾಲಿನಿಂದ ಸೋಪಿನ ನೊರೆ ಇಳಿಯುತ್ತಿತ್ತು. ಅವಳು ಮತ್ತೆ ಕಂಬಳಿಯ ಮೇಲೆ ಹತ್ತಿ ನಿಂತಳು. ಸಂಜೆ ಹೆತ್ತೆಯೇ ಹಸುವಿನ ಕೆಚ್ಚಲಿಗೆ ಬಿಸಿನೀರಿನ ಶಾಖ ಕೊಟ್ಟಳು. ಅಂದಿನಿಂದ ಅವ್ವೆ ಏನನ್ನೂ ತಾನಾಗಿ ಓಡಿಬಂದು ಹೇಳಿದ್ದು ನಾನು ನೋಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಸೋಮವಾರಕ್ಕೆ ಇಡಲು ಕಲಿತಳು.

ಸೋಮವಾರ ನಮ್ಮವರು ಹೊಲಕ್ಕೆ ಕೈ ಹಾಕುವುದಿಲ್ಲ. ಆ ದಿನವನ್ನು ದೊಡ್ಡವ್ವೆ ಮಾತಿಗೆ ಕೊಟ್ಟಿದ್ದಳು. ದೂರು, ಜಗಳ, ಬೇಡಿಕೆ, ಅಳು, ಯಾವುದಿದ್ದರೂ ವಾರದ ನಡುವೆ ಎತ್ತುವಂತಿಲ್ಲ. ಒಟ್ಟಿಗೆ ಸೋಮವಾರ ಮಧ್ಯಾಹ್ನ, ಊಟ ಮುಗಿದ ಮೇಲೆ, ಹೊರಕೋಣೆಯಲ್ಲಿ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ಅವ್ವೆಯದು ಒನಕೆ ನಿಲ್ಲಿಸುವ ಮೂಲೆ. ದೊಡ್ಡವ್ವೆ ಬಾಗಿಲಿನಿಂದ ಶುರುಮಾಡಿ "ನಿನ್ನದೇನು?" ಎಂದು ಕೇಳುತ್ತ ಹೋಗುತ್ತಿದ್ದಳು. ದೊಡ್ಡಪ್ಪ ಬುಧವಾರದ ಟೀ ತಣ್ಣಗಿತ್ತು ಎಂದು ಸೋಮವಾರ ದೂರು ಹೇಳುವನು. "ಈಗ ಬಿಸಿ ಮಾಡಿ ಕೊಡಲಾ?" ಎಂದು ಹೆತ್ತೆ ಕೇಳುವಳು. ನಗು. ವಾರದ ಸಿಟ್ಟಿನಲ್ಲಿ ಅರ್ಧ ಅಷ್ಟು ಹೊತ್ತಿಗೆ ಆರಿಯೇ ಹೋಗಿರುತ್ತಿತ್ತು. ಉಳಿದರ್ಧವನ್ನು ಹೇಳಲು ನಾಚಿಕೆ. ಅದಕ್ಕೇ ಆ ಮನೆಯಲ್ಲಿ ಜಗಳವೇ ಇಲ್ಲ ಎಂದು ಊರಿಗೆಲ್ಲ ಹೆಸರು. ಮರೆಯಬಾರದೆಂದು ಎಲ್ಲರೂ ಗಂಟು ಹಾಕಿಕೊಳ್ಳುತ್ತಿದ್ದರು. ಹೇಳಬೇಕಾದ್ದು ಹೊಳೆದ ಕೂಡಲೇ ಸೆರಗಿಗೋ, ಟವಲಿಗೋ, ತಲೆಬಟ್ಟೆಯ ಮೂಲೆಗೋ ಒಂದು ಗಂಟು. ಸೋಮವಾರ ಅದನ್ನು ಹೇಳಿ ಮುಗಿಸಿ, ಎಲ್ಲರ ಎದುರಿಗೆ ಬಿಚ್ಚುವುದು. ಮಕ್ಕಳಾದ ನಮಗೆ ಅದು ಆಟ. ನನ್ನ ಲಂಗದ ಲಾಡಿಯಲ್ಲಿ ಸದಾ ಗಂಟು. ಎಷ್ಟೋ ಸಲ ಸೋಮವಾರ ಬಂದಾಗ ಅದು ಯಾವುದರ ಗಂಟು ಎಂದೇ ನೆನಪಿರುತ್ತಿರಲಿಲ್ಲ. "ನೆನಪಿಲ್ಲದ್ದು ದೂರೇ ಅಲ್ಲ," ಎಂದು ದೊಡ್ಡವ್ವೆ ತಾನೇ ಬಿಚ್ಚಿಬಿಡುತ್ತಿದ್ದಳು.

ಮತ್ತೆ ಆ ಬುಧವಾರಕ್ಕೆ ಬರುತ್ತೇನೆ. ಹೊತ್ತು ಏರಿತ್ತು. ಮೆಣಸಿನಕಾಯಿ ಮುಗಿದು, ಎಲ್ಲರೂ ಕೆಮ್ಮಿ, ಕಣ್ಣು ಮೂಗು ಒರೆಸಿಕೊಂಡು, ಹೆತ್ತೆ ಆರಿಸಿಟ್ಟ ಕೊತ್ತಂಬರಿ ಬಾಣಲೆಗೆ ಬಿದ್ದಿತ್ತು. ಹಸಿ ಮರದ ವಾಸನೆ ಹೋಗಿ ಕಿತ್ತಳೆಯ ವಾಸನೆ ಶುರುವಾಗಿತ್ತು. ಅವ್ವೆ ಸೌಟು ನಿಲ್ಲಿಸಿ, "ಅಕ್ಕಾ, ಒಂದು ಮಾತಿತ್ತು," ಅಂದಳು.

"ಬೆಂಕಿಯ ಮಾತಾ?" ದೊಡ್ಡವ್ವೆ ತಿರುಗಲಿಲ್ಲ.

"ಅಲ್ಲ."

"ಹಾಗಾದರೆ ಸೋಮವಾರ."

"ಚಿಕ್ಕದು ಅಕ್ಕಾ."

"ಚಿಕ್ಕದಾದರೆ ಸೋಮವಾರದ ತನಕ ಕೊಳೆಯಲ್ಲ. ನೀನು ಕೈ ಆಡಿಸು, ಸೀದು ಹೋಗುತ್ತೆ."

ಅವ್ವೆ ನನ್ನ ಕಡೆ ನೋಡಿದಳು. ಹುಬ್ಬು ಮೇಲೆತ್ತಿ, ಬಾಯಿ ಮುಚ್ಚಿಕೊಂಡೇ, ದೊಡ್ಡವ್ವೆಯ ಮೂಗು ಹೇಗೆ ಮೇಲೇರುತ್ತದೋ ಹಾಗೆ ತನ್ನ ಮೂಗನ್ನು ಏರಿಸಿ ತೋರಿಸಿದಳು. ನಾನು ಅವರೆಯ ಬುಟ್ಟಿಗೆ ಮುಖ ತೂರಿಸಿ ನಕ್ಕೆ. ಆಮೇಲೆ ಅವಳು ಸೌಟು ಎಡಗೈಗೆ ತೆಗೆದುಕೊಂಡು, ತಲೆಬಟ್ಟೆಯ ತುದಿಯನ್ನು ಬಲಗೈಯಿಂದ ಮುಂದಕ್ಕೆ ಎಳೆದು, ಹಲ್ಲಿನಲ್ಲಿ ಕಚ್ಚಿ, ಒಂದು ಗಂಟು ಹಾಕಿದಳು. ಗಟ್ಟಿಯಾಗಿಯೇ ಹಾಕಿದಳು. ಬೀಜ ಸೀಯಲಿಲ್ಲ. ಸರಿಯಾದ ಹೊತ್ತಿಗೆ ಇಳಿಯಿತು. ಆ ಸಲದ ಮಸಾಲೆ ಹುಡಿ ಚೆನ್ನಾಗಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು.

ಮರುದಿನ ಎಲೆ ಕೀಳುವ ದಿನ. ಅವ್ವೆ ಅದೇ ತಲೆಬಟ್ಟೆ ಕಟ್ಟಿಕೊಂಡು ಟೀ ತೋಟದ ಕೆಳಗಿನ ತುಂಡಿಗೆ ಹೋದಳು. ದೊಡ್ಡವ್ವೆ ಮತ್ತು ಉಳಿದವರು ಮೇಲಿನ ಸಾಲಿನಿಂದ ಶುರುಮಾಡಿದ್ದರು. ಕೆಳಗಿನ ತುಂಡಿನ ಪಕ್ಕದಲ್ಲಿ ಯಾರೋ ನೋಡದೆ ಬಿಟ್ಟ ಟೀ, ಆಳೆತ್ತರ ಬೆಳೆದು, ಲಂಟಾನದ ಪೊದೆ ಸೇರಿಕೊಂಡಿತ್ತು. ಕಾಟಿ ಅದರೊಳಗಿಂದ ಬಂತು. ನಮ್ಮ ಕಡೆ ಕಾಡೆಮ್ಮೆ ಟೀ ಸಾಲಿನ ನಡುವೆ ನಿಂತರೆ ಬೆನ್ನಷ್ಟೇ ಕಾಣುತ್ತದೆ, ಹೊಸಬರು ಬಂಡೆ ಅಂದುಕೊಳ್ಳುತ್ತಾರೆ. ಅವ್ವೆ ಹೊಸಬಳಲ್ಲ. ಏನಾಯಿತೆಂದು ಯಾರೂ ನೋಡಲಿಲ್ಲ. ಕೂಗು ಕೇಳಿ ಇಳಿದು ಓಡಿದವರು ನೋಡಿದ್ದು ಎಲೆಯ ಚೀಲ ಒಂದು ಕಡೆ, ಅವಳು ಒಂದು ಕಡೆ. ಜೀಪಿನಲ್ಲಿ ಊಟಿಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹೋದಳು. ಅಪ್ಪ ಟೀ ಫ್ಯಾಕ್ಟರಿಯ ಕೆಲಸದ ಬಟ್ಟೆಯಲ್ಲೇ ಆಸ್ಪತ್ರೆಗೆ ಬಂದಿದ್ದ, ಅವನ ಅಂಗಿಯಿಂದ ಒಣಗಿದ ಟೀಯ ವಾಸನೆ ಬರುತ್ತಿತ್ತು ಎಂದು ಹೆತ್ತೆ ಹೇಳುತ್ತಿದ್ದಳು. ಮಕ್ಕಳಾದ ನಮ್ಮನ್ನು ಸಾವಿನ ಅಂಗಳಕ್ಕೆ ಬಿಡಲಿಲ್ಲ. ಒಳಗೆ ಕೂತ ನನಗೆ ಕೇಳಿಸಿದ್ದು ಒಂದೇ. ನಮ್ಮಲ್ಲಿ ಹಿರಿಯರೊಬ್ಬರು ಸತ್ತವರ ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ, ಸೇರಿದವರೆಲ್ಲ ಪ್ರತಿಯೊಂದಕ್ಕೂ "ಪಾಪ" ಎಂದು ದನಿಗೂಡಿಸುತ್ತಾರೆ, ಹಾಗೆ ಎಲ್ಲವನ್ನೂ ಒಟ್ಟಿಗೆ ಇಳಿಸಿ ಸತ್ತವರನ್ನು ಹಗುರ ಮಾಡಿ ಕಳಿಸುತ್ತಾರೆ. ಹಿರಿಯರ ಮಾತು ಗೋಡೆ ದಾಟಿ ಒಳಗೆ ಕೇಳಿಸುತ್ತಿರಲಿಲ್ಲ. ಜನ "ಪಾಪ" ಅನ್ನುವುದಷ್ಟೇ ಮತ್ತೆ ಮತ್ತೆ ಕೇಳಿಸುತ್ತಿತ್ತು. ನನ್ನ ಅವ್ವೆ ಅಷ್ಟೆಲ್ಲ ಏನು ಮಾಡಿದ್ದಳು ಎಂದು ನನಗೆ ಅರ್ಥವಾಗಲಿಲ್ಲ.

ಆಮೇಲೆ ಬಂದ ಸೋಮವಾರದ ಬಗ್ಗೆ ಹೇಳಬೇಕು. ಸಾವಿನ ಮನೆಯಲ್ಲಿ ಅದನ್ನು ಬಿಡುತ್ತಾರೆ ಎಂದುಕೊಂಡಿದ್ದೆವು. ದೊಡ್ಡವ್ವೆ ಬಿಡಲಿಲ್ಲ. ಊಟವಾದ ಮೇಲೆ ಹೊರಕೋಣೆಗೆ ಬಂದು ಕೂತಳು. ಅವಳು ಕೂತ ಮೇಲೆ ಉಳಿದವರೂ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಬಾಗಿಲಿನಿಂದ ಶುರುವಾಯಿತು. ದೊಡ್ಡಪ್ಪ ಏನೂ ಇಲ್ಲ ಎಂದು ತಲೆಯಾಡಿಸಿದ. ಹೆತ್ತೆ ಮುಖ ಮುಚ್ಚಿಕೊಂಡಳು. ಒನಕೆಯ ಮೂಲೆ ಖಾಲಿ. ದೊಡ್ಡವ್ವೆಯ ಕಣ್ಣು ಆ ಮೂಲೆಯನ್ನು ದಾಟಿ, ನಿಲ್ಲದೆ, ಪಕ್ಕದಲ್ಲಿ ಕೂತ ನನ್ನ ಹತ್ತಿರ ಬಂತು. "ನಿನ್ನದೇನು ಕೂಸೇ?"

"ಅವ್ವೆಯದು ಉಳಿದಿದೆ," ಅಂದೆ.

ನಾನೇ ಮುಂದುವರಿಸಿದೆ, "ಅವ್ವೆ ಗಂಟು ಹಾಕಿದ್ದಳು. ಸೋಮವಾರ ಅಂತ ನೀನೇ ಹೇಳಿದ್ದೆ."

"ಅವಳದು ಮುಗೀತು," ಎಂದಳು ದೊಡ್ಡವ್ವೆ. "ನಿನ್ನದು ಹೇಳು."

ಅಪ್ಪ ಎದ್ದು ಹೊರಗೆ ಹೋದ. ಆ ತಿಂಗಳೇ ಅವನು ಹಿತ್ತಲಿನ ಕಡೆ ಬೇರೆ ಒಲೆ ಹಾಕಿಸಿದ. ಅಪ್ಪ, ನಾನು, ಹೆತ್ತೆ ಆ ಕಡೆಗೆ ಬಂದೆವು. ಗೋಡೆಯ ಆ ಬದಿಯಲ್ಲಿ ಬುಧವಾರ ಬುಧವಾರ ಹುರಿಯುವ ವಾಸನೆ ಏಳುತ್ತಲೇ ಇತ್ತು. ಈ ಬದಿಯಲ್ಲಿ ನಾವು ಎಲ್ಲ ಕೆಲಸವನ್ನೂ ಎಲ್ಲ ದಿನವೂ ಮಾಡಿದೆವು, ಒಂದನ್ನೂ ಸರಿಯಾಗಿ ಮಾಡಲಿಲ್ಲ. ನನ್ನ ಜಡೆ ಎರಡು ಕಡೆಯೂ ಸಡಿಲವಾಗಿಯೇ ಇತ್ತು.

ಅವ್ವೆ ಏನು ಹೇಳಬೇಕೆಂದಿದ್ದಳು ಎಂಬುದಕ್ಕೆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಊಹೆ. ಬೇರೆ ಹೋಗೋಣ ಎಂದು ಕೇಳಲಿದ್ದಳು ಎಂದು ಅಪ್ಪ ನಂಬಿದ್ದ. ಅವನು ಒಲೆ ಹಾಕಿಸಿದ್ದೂ ಆ ನಂಬಿಕೆಯಿಂದಲೇ. ಮತ್ತೆ ಬಸುರಿಯಾಗಿದ್ದಳೇನೋ ಎಂದು ಹೆತ್ತೆಗೆ ಅನುಮಾನ. ಹೋದ ಸಲ ಹಬ್ಬಕ್ಕೆ ಪಂದಲೂರಿಗೆ ಕಳಿಸಿರಲಿಲ್ಲ, ಈ ಸಲವಾದರೂ ಹೋಗಿಬರುತ್ತೇನೆ ಅನ್ನಲಿದ್ದಳು ಎಂದು ಬಹಳ ದಿನ ನಾನು ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಪಕ್ಕದ ತುಂಡಿನಲ್ಲಿ ಎಲೆ ಕೀಳುವ ಬೆಳ್ಳಿಯಕ್ಕ ಅಂಗಳದಲ್ಲಿ ಕೂತು ಹೆತ್ತೆಗೆ ಹೇಳಿದ್ದು ಕೇಳಿಸಿತು. ಅವ್ವೆ ಸಾಯುವ ಎರಡು ದಿನ ಮುಂಚೆ ತಾನೂ ಅವಳೂ ಆ ಪೊದೆಯಲ್ಲಿ ಏನೋ ಉಸಿರುಬಿಟ್ಟದ್ದು ಕೇಳಿ ಮೇಲಕ್ಕೆ ಬಂದಿದ್ದರಂತೆ. "ಮನೆಯಲ್ಲಿ ಹೇಳು, ಗಂಡಸರನ್ನು ಕಳಿಸಿ ಪೊದೆ ಕಡಿಸಲಿ ಅಂದಿದ್ದೆ. ಹೇಳ್ತೀನಿ ಅಂದಿದ್ದಳು." ಹೆತ್ತೆ ಬೆಳ್ಳಿಯಕ್ಕನ ಬಾಯಿ ಮುಚ್ಚಿಸಿದಳು. ನನ್ನ ಕಿವಿಗೆ ಬಿದ್ದಾಗಿತ್ತು. ಪೊದೆ ಕಡಿಯುವುದು ಕತ್ತಿಯ ಕೆಲಸ. ಎಚ್ಚರಿಕೆ ಹೇಳುವುದು ಯಾವ ಕೆಲಸ? ಅದು ಬೆಂಕಿಯದಲ್ಲ, ನೀರಿನದಲ್ಲ, ದೂರೂ ಅಲ್ಲ. ಆ ಮನೆಯಲ್ಲಿ ಯಾವ ಗುಂಪಿಗೂ ಸೇರದ ಮಾತಿಗೆ ದಿನವೇ ಇರಲಿಲ್ಲ. ದಿನವಿಲ್ಲದ್ದೆಲ್ಲ ಸೋಮವಾರಕ್ಕೆ ಹೋಗಿ ಬೀಳುತ್ತಿತ್ತು. ಆದರೆ ಅವಳು ಹೇಳಹೊರಟದ್ದು ಅದೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಬರೀ ಸ್ವೆಟರಿನ ಉಲ್ಲನ್ ಕಡಿಮೆಯಾಗಿದೆ ಅನ್ನುವುದೂ ಇರಬಹುದು. ಅವಳು "ಚಿಕ್ಕದು" ಅಂದಿದ್ದಳು.

ಈಗ ನಾನು ಇಲ್ಲಿಯ ಒಂದು ಶಾಲೆಯ ಆಫೀಸಿನಲ್ಲಿದ್ದೇನೆ. ಹೋದ ವರ್ಷ ನಮಗೆಲ್ಲ ತರಬೇತಿ ಕೊಡಲು ಕೊಯಮತ್ತೂರಿನಿಂದ ಇಸ್ತ್ರಿ ಅಂಗಿಯ ಹುಡುಗನೊಬ್ಬ ಬಂದ. ಒಂದೇ ಥರದ ಕೆಲಸಗಳನ್ನು ಒಟ್ಟು ಸೇರಿಸಿ, ಫೋನುಗಳನ್ನು ಒಂದು ಹೊತ್ತಿಗೆ, ಮೇಲ್‌ಗಳನ್ನು ಒಂದು ಹೊತ್ತಿಗೆ, ನಡುವೆ ಯಾರು ಮಾತಾಡಿಸಿದರೂ ಆಮೇಲೆ ಅನ್ನಿ, ನಿಮ್ಮ ಗಮನ ಒಡೆಯುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ ಎಂದು ಗೋಡೆಯ ಮೇಲೆ ಬಣ್ಣಬಣ್ಣದ ಚೌಕಗಳನ್ನು ತೋರಿಸಿದ. ಎಲ್ಲರೂ ಮೆಚ್ಚಿದರು. ನನಗೆ ಅವನ ಮೂಗೇ ಕಾಣುತ್ತಿತ್ತು. ಕೈ ಎತ್ತಿ ಕೇಳಿದೆ, "ಯಾವ ಚೌಕಕ್ಕೂ ಸೇರದ್ದು ಬಂದರೆ?" ಅವನು ಸಂತೋಷದಿಂದ, "ಅದಕ್ಕೂ ಒಂದು ಚೌಕ ಮಾಡಿ ಮೇಡಂ, ಇತರೆ ಅಂತ. ವಾರದ ಕೊನೆಗೆ ನೋಡಿ," ಅಂದ. ಅವನು ಹೇಳಿದ್ದು ತಪ್ಪಲ್ಲ. ನಾನೂ ಫೈಲುಗಳನ್ನು ಹಾಗೆಯೇ ಮಾಡುತ್ತೇನೆ, ಬೇಗ ಮುಗಿಯುತ್ತದೆ. ಆದರೂ ಊಟದ ಹೊತ್ತಿನಲ್ಲಿ ಅವನ ಪಕ್ಕ ಖಾಲಿಯಿದ್ದ ಕುರ್ಚಿಯಲ್ಲಿ ಕೂರಲು ನನ್ನಿಂದಾಗಲಿಲ್ಲ.

ದೊಡ್ಡವ್ವೆಯನ್ನು ನೇರವಾಗಿ ಕೇಳಿದ್ದು ಒಂದೇ ಸಲ. ಅವಳು ಹಾಸಿಗೆ ಹಿಡಿದಿದ್ದ ವರ್ಷ, ಹಬ್ಬಕ್ಕೆಂದು ಹಟ್ಟಿಗೆ ಹೋಗಿದ್ದೆ. ಕಾಲು ಬಾತಿತ್ತು, ಬಾಯಲ್ಲಿ ಹಲ್ಲಿರಲಿಲ್ಲ, ಮೂಗು ಮಾತ್ರ ಹಾಗೇ ಇತ್ತು. ಕೋಣೆಯಲ್ಲಿ ನಾವಿಬ್ಬರೇ.

"ಆ ಬುಧವಾರ ಅವ್ವೆ ಏನು ಹೇಳಬೇಕು ಅಂತಿದ್ದಳು?"

ಯಾವ ಬುಧವಾರ ಎಂದು ಅವಳು ಕೇಳಲಿಲ್ಲ. "ನನಗೇನು ಗೊತ್ತು? ಸೋಮವಾರ ಕೇಳೋಣ ಅಂತಿದ್ದೆ."

"ಅವತ್ತೇ ಕೇಳಬಹುದಿತ್ತು."

"ಬಾಣಲೆಯಲ್ಲಿ ಕೊತ್ತಂಬರಿ ಇತ್ತು ಕೂಸೇ."

"ಸೀದರೆ ಸೀಯಲಿ ಅನ್ನಬಹುದಿತ್ತು."

"ನೀನು ಅಂತೀಯ." ಅವಳು ಗೋಡೆಯ ಕಡೆ ಹೊರಳಲು ನೋಡಿದಳು, ಆಗಲಿಲ್ಲ. "ನಾನು ಈ ಮನೆಗೆ ಬಂದಾಗ ನನಗೆ ನಿನ್ನ ವಯಸ್ಸಿನ ಅರ್ಧವೂ ಆಗಿರಲಿಲ್ಲ. ಒಬ್ಬರು ನೀರು ಅನ್ನೋರು, ತರೋದಕ್ಕೆ ಹೋದರೆ ಇನ್ನೊಬ್ಬರು ಸೌದೆ ಅನ್ನೋರು. ಒಲೆಯ ಮುಂದೆ ಒಮ್ಮೆ ಬೀಜ ಸೀದದ್ದಕ್ಕೆ ನಿನ್ನ ಹೆತ್ತೆ ಮೂರು ಹಟ್ಟಿಗೆ ಕೇಳೋ ಹಾಗೆ ಬೈದಳು. ದಿನ ಕಟ್ಟಿದ ಮೇಲೆ ನನ್ನನ್ನು ಯಾರೂ ನಡುವೆ ಕರೀಲಿಲ್ಲ. ಉಸಿರಾಡೋದಕ್ಕೆ ಕಟ್ಟಿದ್ದು ಕಣೇ."

ನನಗೆ ಅರ್ಥವಾಯಿತು. ಅರ್ಥವಾದದ್ದರಿಂದ ಏನೂ ಕಡಿಮೆಯಾಗಲಿಲ್ಲ. ತನಗೆ ಉಸಿರಾಡಲು ಮಾಡಿಕೊಂಡ ಜಾಗದಲ್ಲಿ ಇನ್ನೊಬ್ಬಳ ಬಾಯಿ ಮುಚ್ಚಿಸಿದ್ದಳು. "ನೀರು ಕೊಡಲಾ?" ಎಂದು ಕೇಳಿದೆ. ಬೇಡ ಅಂದಳು. ನಾನು ಎದ್ದು ಬಂದೆ. ಅದೇ ಕೊನೆಯ ಮಾತು.

ಅವಳ ಸಾವಿಗೆ ಹೋಗಿದ್ದೆ. ಈಗ ನಾನು ದೊಡ್ಡವಳು, ಅಂಗಳದಲ್ಲೇ ನಿಲ್ಲಬಹುದು. ಸುತ್ತಲಿನ ಹಟ್ಟಿಗಳಿಂದ ಜನ ಸೇರಿದ್ದರು. ಅವಳ ಕೈಕೆಳಗೆ ವಾರವಿದ್ದು ಕಲಿತುಹೋದ ಹೆಂಗಸರು ಮುದುಕಿಯರಾಗಿ ಬಂದು ಅಳುತ್ತಿದ್ದರು. ಹಿರಿಯರು ಪಾಪಗಳನ್ನು ಹೇಳಲು ಶುರುಮಾಡಿದರು. ದನಕರುವಿಗೆ ಮಾಡಿದ್ದು, ನೆರೆಯವರಿಗೆ ಮಾಡಿದ್ದು, ನೀರಿಗೆ, ಮಣ್ಣಿಗೆ ಮಾಡಿದ್ದು. ಒಂದೊಂದಕ್ಕೂ ಅಂಗಳವೆಲ್ಲ "ಪಾಪ" ಎಂದಿತು. ನಾನು ಕಿವಿಗೊಟ್ಟು ಕಾದೆ. ತಂಗಿಯಂಥವಳು ಬಾಯಿ ತೆರೆದಾಗ ಕೇಳದೆ ಮುಂದಕ್ಕೆ ಹಾಕಿದ್ದು ಅದರಲ್ಲಿ ಬರಬಹುದು, ಬಂದರೆ ನಾನೂ ಎಲ್ಲರ ಜೊತೆ ದನಿಗೂಡಿಸುತ್ತೇನೆ, ಅಲ್ಲಿಗೆ ಮುಗಿಯಲಿ ಎಂದು ನಿಜವಾಗಿಯೂ ನಿರ್ಧರಿಸಿದ್ದೆ. ಅದು ಬರಲಿಲ್ಲ. ಅಷ್ಟು ಹಳೆಯ, ಅಷ್ಟು ಉದ್ದದ ಆ ಹೇಳಿಕೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಎಲ್ಲ ಮುಗಿದು ಜನ ಕದಲಿದಾಗಲೂ ನನ್ನ ಬಾಯಿ ಮುಚ್ಚಿಯೇ ಇತ್ತು. ಪಕ್ಕದಲ್ಲಿದ್ದ ಬೆಳ್ಳಿಯಕ್ಕ ನನ್ನ ಮುಖ ನೋಡಿ ಮುಂಗೈ ಹಿಡಿದುಕೊಂಡಳು.

ಆ ಮನೆ ಈಗ ಇಲ್ಲ. ದೊಡ್ಡಪ್ಪನ ಮಗ ಸಾಲಿನ ನಡುವಿನಿಂದ ನಮ್ಮ ಭಾಗವನ್ನು ಒಡೆದು ಮೂರಂತಸ್ತು ಕಟ್ಟಿಸಿ, ಮೇಲಿನ ಕೋಣೆಗಳನ್ನು ಬೇಸಿಗೆಯಲ್ಲಿ ಊಟಿ ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತಾನೆ. ಒಳಮನೆಯ ಒಲೆಗಳಿದ್ದ ಜಾಗದಲ್ಲಿ ಟೈಲ್ಸ್ ಹಾಕಿದ ಬಾತ್‌ರೂಮ್. ಒನಕೆಯ ಮೂಲೆ ಎಲ್ಲಿತ್ತು ಎಂದು ಹೋದ ಸಲ ಹೆಜ್ಜೆ ಹಾಕಿ ಹುಡುಕಿದೆ, ಗೊತ್ತಾಗಲಿಲ್ಲ. ಕೆಳಗಿನ ಪೊದೆಯನ್ನು ಯಾರೋ ಕಡಿಸಿದ್ದಾರೆ. ಹೆತ್ತೆ ಹೋದಳು, ಅಪ್ಪನೂ ಹೋದ. ಹೆತ್ತೆ ನನ್ನ ಮದುವೆಯ ದಿನ, ಯಾರೂ ಇಲ್ಲದಾಗ, ಮಡಿಸಿದ ಒಂದು ಬಿಳಿ ಬಟ್ಟೆಯನ್ನು ನನ್ನ ಪೆಟ್ಟಿಗೆಯ ತಳಕ್ಕೆ ಇಟ್ಟಿದ್ದಳು. ಆಸ್ಪತ್ರೆಯವರು ಕೊಟ್ಟ ಅವ್ವೆಯ ಬಟ್ಟೆಗಳಲ್ಲಿ ಆ ತಲೆಬಟ್ಟೆಯೂ ಇತ್ತಂತೆ. ಹೆತ್ತೆಯೇ ಒಗೆದು, ಗಂಟು ಬಿಚ್ಚದೆ ಒಣಗಿಸಿ, ಅಷ್ಟು ವರ್ಷ ಇಟ್ಟುಕೊಂಡಿದ್ದಳು. "ಬಿಚ್ಚಬೇಡ ಕೂಸೇ, ಬಿಚ್ಚಿದರೆ ಬರೀ ಬಟ್ಟೆ ಆಗಿಬಿಡುತ್ತೆ," ಅಂದಳು. ನಾನು ಬಿಚ್ಚಿಲ್ಲ. ಪಕ್ಕದ ಮನೆಯವಳು ಕೂಗಿ ಹೇಳಿದ ದಿನ ಕಿಟಕಿ ಮುಚ್ಚಿ, ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಬಟ್ಟೆಯಲ್ಲಿ ಮೆಣಸಿನ ಘಾಟು ಉಳಿದಿಲ್ಲ, ಅವ್ವೆಯ ವಾಸನೆಯೂ ಉಳಿದಿಲ್ಲ. ಅವ್ವೆ ಹಲ್ಲಿನಿಂದ ಎಳೆದು ಬಿಗಿದ ಗಂಟು ಮೂಲೆಯಲ್ಲಿ ಗಟ್ಟಿಯಾಗಿ ಹಾಗೇ ಇದೆ. ಅವಳು ಹೇಳಬೇಕೆಂದಿದ್ದ ಮಾತು ಇಲ್ಲ.